ಐದನೆಯ ನೀರು

ಕಡಬದಿಂದ ಪಂಜ, ಬೆಳ್ಳಾರೆ ಹಾದು ಸುಳ್ಯಕ್ಕೆ ಹೋಗುವ ಬಸ್ಸು ಐವರ್ನಾಡಿನ ಹತ್ತಿರ ಒಂದು ತಿರುವಿನಲ್ಲಿ ನಿಧಾನವಾದಾಗ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ರಬ್ಬರ್ ಶೀಟು ಒಣಗಿಸುವ ಹೊಗೆಮನೆಯ ವಾಸನೆ. ಹುಳಿಯೂ ಹೊಗೆಯೂ ಸೇರಿ ಗಂಟಲಿಗೆ ಅಂಟಿಕೊಳ್ಳುವಂಥದ್ದು. ಪಕ್ಕದಲ್ಲಿ ಕೂತಿದ್ದ ಹುಡುಗಿ ಶಾಲಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಹನ್ನೊಂದು ವರ್ಷ ಹಿಂದಿನ ಒಂದು ಬೇಸಿಗೆ ಮೊದಲಿನಿಂದ ಕೊನೆಯವರೆಗೆ ನೆನಪಾಗಿ ಕಿವಿ ಬಿಸಿಯಾಯಿತು. ಇಷ್ಟು ವರ್ಷವಾದ ಮೇಲೂ ಆ ನಾಚಿಕೆ ಹೋಗಿಲ್ಲ.

ಆಗ ನನಗೆ ಇಪ್ಪತ್ತನಾಲ್ಕು. ಊರು ಪುತ್ತೂರು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಸುಳ್ಯದ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಬಂದಿದ್ದೆ. ಅತಿಥಿ ಉಪನ್ಯಾಸಕಿ ಎಂದರೆ ಅತಿಥಿಯ ಮರ್ಯಾದೆಯೂ ಇಲ್ಲ, ಉಪನ್ಯಾಸಕಿಯ ಸಂಬಳವೂ ಇಲ್ಲ. ಆದರೂ ತಲೆಯಲ್ಲಿ ಏನೋ ಒಂದು ಗತ್ತು. ಎಂ.ಎಸ್ಸಿ.ಯ ಕೊನೆಯ ವರ್ಷ ಮೈಲುತುತ್ತನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಕಾಯಿಸಿದರೆ ಅದರ ಹರಳು ಯಾವ ಯಾವ ಉಷ್ಣತೆಯಲ್ಲಿ ಹೇಗೆ ಬದಲಾಗುತ್ತದೆ ಎಂದು ಆರು ತಿಂಗಳು ತೂಗಿ ತೂಗಿ ಬರೆದವಳು ನಾನು. ಮೈಲುತುತ್ತಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಸುಳ್ಯ ತಾಲೂಕಿನಲ್ಲಿ ಬೇರೆ ಯಾರಿಗೂ ಗೊತ್ತಿರಲಾರದು ಎಂದುಕೊಂಡಿದ್ದೆ.

ಉಳಿದುಕೊಂಡದ್ದು ಹಮೀದಾಕನ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ. ಅವರದು ತೋಟದ ಸಾಮಾನಿನ ಅಂಗಡಿ: ಗೊಬ್ಬರ, ಸುಣ್ಣ, ಪೈಪು, ಮೈಲುತುತ್ತು. ಐವತ್ತರ ಆಸುಪಾಸಿನ ಮನುಷ್ಯ, ಗಲ್ಫಿನಲ್ಲಿ ಹದಿನೆಂಟು ವರ್ಷ ಯಾರದೋ ಗೋದಾಮು ನೋಡಿಕೊಂಡು ಬಂದವರು. ಹೆಚ್ಚು ಮಾತಿಲ್ಲ. ಹೆಂಡತಿ ಜೊಹರಕ್ಕ ಹಾಗಲ್ಲ, ಮೆಟ್ಟಿಲ ಕೆಳಗಿನಿಂದಲೇ "ಮೇಡಂ, ತಿಂಡಿ ಆಗಿದ್ಯಾ?" ಎಂದು ಕೂಗಿ, ನಾನು ಆಗಿದೆ ಎಂದರೂ ಬಿಡದೆ ಅಕ್ಕಿಯ ತೆಳು ರೊಟ್ಟಿ, ಪತ್ತಿರಿ, ತಂದು ಬಾಗಿಲು ಬಡಿಯುತ್ತಿದ್ದರು. ಅವರಿಂದಾಗಿ ಆ ವರ್ಷ ನಾನು ಅಡುಗೆ ಕಲಿಯಲೇ ಇಲ್ಲ.

ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಕಲಸಿ ಅಡಿಕೆ ಗೊನೆಗೆ ಸಿಂಪಡಿಸುತ್ತಾರೆ. ಅದಕ್ಕೆ 'ಮದ್ದು ಬಿಡುವುದು' ಎಂದೇ ಹೆಸರು. ಬಿಡದಿದ್ದರೆ ಕೊಳೆರೋಗ ಬಂದು ಎಳೆಕಾಯಿಯೆಲ್ಲ ಉದುರುತ್ತದೆ. ಹಾಗಾಗಿ ಮೇ ತಿಂಗಳ ಕೊನೆಯೆಂದರೆ ಹಮೀದಾಕನಂಥವರಿಗೆ ವರ್ಷದ ವ್ಯಾಪಾರದ ಹೊತ್ತು. ಏಪ್ರಿಲ್‌ನಲ್ಲಿ ಐವರ್ನಾಡಿನ ಒಂದು ಶಾಲೆಯ ಹಾಲಿನಲ್ಲಿ ಕೃಷಿಕರ ಸಭೆ ಇತ್ತು. ಮದ್ದಿನ ಬಗ್ಗೆ ಮಾತಾಡಲು ಯಾರಾದರೂ ಬೇಕೆಂದಾಗ "ನಮ್ಮ ಮಾಳಿಗೆಯ ಮೇಡಂ ಇದರಲ್ಲೇ ಎಂಎಸ್ಸಿ ಮಾಡಿದ್ದು" ಎಂದು ನನ್ನ ಹೆಸರು ಕೊಟ್ಟವರೇ ಹಮೀದಾಕ. ತಮ್ಮ ಜೀಪಿನಲ್ಲಿ ಕರೆದುಕೊಂಡೂ ಹೋದರು.

ಮೊದಲ ಹತ್ತು ನಿಮಿಷ ನಾನು ಹರಳಿನ ಒಳಗಿನ ವಿಷಯ ಹೇಳಿದೆ. ಮೂರು ಅಕ್ಷ, ಮೂರಕ್ಕೂ ಬೇರೆ ಬೇರೆ ಉದ್ದ, ಒಂದು ಮೂಲೆಯೂ ನೇರ ಇಲ್ಲ. ಎದುರಿನ ಸಾಲಿನಲ್ಲಿ ಇಬ್ಬರು ಆಕಳಿಸಿದರು. ನನಗೆ ಗಾಬರಿಯಾಯಿತು. ಆಗ ಬಾಯಿಗೆ ಬಂದದ್ದು: "ಇಷ್ಟು ನೆನಪಿಟ್ಟುಕೊಳ್ಳಿ ಸಾಕು. ಒಳ್ಳೆಯ ಮೈಲುತುತ್ತು ಕಡು ನೀಲಿ. ಬಿಳಿಚಿಕೊಂಡಿದ್ದರೆ ಅದರಲ್ಲಿ ಏನೋ ಬೆರೆಸಿದ್ದಾರೆ ಅಂತಲೇ ತಿಳಿಯಿರಿ." ಸಭೆ ಎದ್ದು ಕೂತಿತು. ಒಬ್ಬರು ಪುಸ್ತಕದಲ್ಲಿ ಬರೆದುಕೊಂಡರು. ಕೊನೆಗೆ ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿ ಹಮೀದಾಕನೂ ಚಪ್ಪಾಳೆ ತಟ್ಟುತ್ತಿದ್ದದ್ದು ಕಂಡಿತು.

ಆ ವರ್ಷದ ಮೇ ತಿಂಗಳು ಸುಟ್ಟುಹೋಗುವಷ್ಟು ಸೆಕೆ. ಮಧ್ಯಾಹ್ನ ಮೂರು ಗಂಟೆಗೆ ಮೋಡ ಕಟ್ಟುವುದು, ನಾಲ್ಕಕ್ಕೆ ಒಂದು ಹನಿಯೂ ಬೀಳದೆ ಚದುರಿಹೋಗುವುದು. ಅಂಥ ಒಂದು ಮಧ್ಯಾಹ್ನ ಅಂಗಡಿಯೆದುರು ಪಿಕಪ್ ನಿಂತ ಸದ್ದಾಯಿತು, ಜೊತೆಗೆ ಏರಿದ ಸ್ವರ. ಕಿಟಕಿಯಿಂದ ನೋಡಿದೆ. ಐವರ್ನಾಡಿನ ಪದ್ಮಯ್ಯ ಗೌಡರು. ಅಡಿಕೆ ತೋಟವೂ ರಬ್ಬರೂ ಇದ್ದ ದೊಡ್ಡ ಕೃಷಿಕರು. ಸಭೆಯಲ್ಲಿ ಪುಸ್ತಕದಲ್ಲಿ ಬರೆದುಕೊಂಡವರು ಅವರೇ. ಡಿಸೆಂಬರಿನಲ್ಲಿ ಹಮೀದಾಕನಿಂದ ಒಯ್ದ ಮೈಲುತುತ್ತಿನ ಚೀಲವನ್ನು ಈಗ ತಿರುಗಿ ತಂದಿದ್ದರು.

"ಹಮೀದಾಕ, ಇದು ಎಂತ ನೀವು ಕೊಟ್ಟದ್ದು?"

"ಮೈಲುತುತ್ತು ಗೌಡ್ರೆ. ಎಂತಾಯ್ತು?"

"ಮೈಲುತುತ್ತಾ? ನೀಲಿ ಎಲ್ಲಿ ಉಂಟು, ತೋರಿಸಿ. ಒಮ್ಮೆ ತೂಕಕ್ಕೆ ಇಡಿ ನೋಡುವ."

ಐವತ್ತು ಕಿಲೋದ ಚೀಲ ನಲವತ್ತೆರಡೂವರೆ ತೂಗಿತು. ಗೌಡರು ಒಂದು ಮುಷ್ಟಿ ತೆಗೆದು ಸುತ್ತ ನಿಂತವರಿಗೆ ತೋರಿಸಿದರು. ಮಾಸಿದ ತಿಳಿನೀಲಿ ಹುಡಿ, ನಡುನಡುವೆ ಬೂದಿಬಿಳಿ.

"ಮದ್ದಿಗೇಂತ ನಿನ್ನೆ ಒಂದು ಡ್ರಮ್ಮಿಗೆ ಮಾತ್ರ ತೆಗೆದದ್ದು, ಒಂದು ಕಿಲೋ. ಬಾಕಿ ಆರೂವರೆ ಎಲ್ಲಿ ಹೋಯ್ತು? ಸುಣ್ಣ ಬೆರೆಸಿದ್ದು ಸಾಲದೂಂತ ತೂಕದಲ್ಲೂ ತೆಗೆದದ್ದಾ?"

"ಗೌಡ್ರೆ, ಹೊಲಿದ ಚೀಲ ಹೊಲಿದ ಹಾಗೆ ಕೊಟ್ಟದ್ದು ನಾನು."

ಅಷ್ಟರಲ್ಲಿ ನಾನು ಕೆಳಗಿಳಿದಿದ್ದೆ. ಯಾಕೆ ಇಳಿದೆನೋ. ಗೌಡರು ನನ್ನನ್ನು ಕಂಡದ್ದೇ ದಾರಿ ಬಿಟ್ಟರು. "ಓ, ಮೇಡಂ ಬಂದ್ರು. ನೀವೇ ಹೇಳಿದ್ದಲ್ವಾ ಅವತ್ತು? ನೀವೇ ನೋಡಿ ಹೇಳಿ."

ಹದಿನೈದಿಪ್ಪತ್ತು ಜನ ಇದ್ದರು. ನಾನು ಒಂದು ಚಿಟಿಕೆ ಹುಡಿ ಅಂಗೈಯಲ್ಲಿ ಹಾಕಿ ಬೆರಳಿನಿಂದ ಉಜ್ಜಿದೆ. ನನ್ನ ಲ್ಯಾಬಿನಲ್ಲಿ ಬಿಳಿ ಮೈಲುತುತ್ತು ಅಂದರೆ ಮೂಸೆಯಲ್ಲಿ, ಜ್ವಾಲೆಯ ಮೇಲೆ, ಹಾಲಿನಷ್ಟು ಶುಭ್ರವಾಗಿ ಆಗುವಂಥದ್ದು. ಈ ಮಸಿ ಹಿಡಿದ ಹುಡಿಗೂ ನನ್ನ ಆರು ತಿಂಗಳ ಕೆಲಸಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. 'ಕಾಲೇಜಿಗೆ ಒಯ್ದು ನೋಡಿ ಹೇಳುತ್ತೇನೆ' ಎನ್ನಬಹುದಿತ್ತು. ಎನ್ನಲಿಲ್ಲ. "ಒಳ್ಳೆ ಮೈಲುತುತ್ತು ಹೀಗಿರುದಿಲ್ಲ" ಎಂದೆ.

ಹಮೀದಾಕ ನನ್ನ ಮುಖ ನೋಡಿದರು. ಸಿಟ್ಟಿನಿಂದಲ್ಲ, ತನಗೆ ಕೇಳಿದ್ದು ಸರಿಯೋ ತಪ್ಪೋ ಎಂಬ ಹಾಗೆ. ಆಮೇಲೆ ಗಲ್ಲಾಪೆಟ್ಟಿಗೆಯಿಂದ ಚೀಲದ ದುಡ್ಡು ತೆಗೆದು ಗೌಡರ ಎದುರಿಗೆ ಇಟ್ಟರು. ಗೌಡರು ಮುಟ್ಟಲಿಲ್ಲ. "ದುಡ್ಡಿನ ಪ್ರಶ್ನೆ ಅಲ್ಲ ಮಾರಾಯ್ರೆ" ಎಂದು ಚೀಲವನ್ನೂ ಅಲ್ಲೇ ಬಿಟ್ಟು ಹೋದರು. ಜನ ಚದುರುವಾಗ ಯಾರೋ "ಅವರದ್ದೆಲ್ಲ ಹೀಗೇ" ಎಂದರು. ಅವರದ್ದು ಎಂದರೆ ಯಾರದ್ದು ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ನಾನೂ ಸುಮ್ಮನಿದ್ದೆ.

ಸುದ್ದಿ ಸುಳ್ಯದಿಂದ ಪಂಜಕ್ಕೆ ಹೋಗಲು ಒಂದು ಬಸ್ಸಿನಷ್ಟು ಹೊತ್ತು ಸಾಕು. ಮರುದಿನದಿಂದ ಹಮೀದಾಕನ ಅಂಗಡಿಯೆದುರು ನಿಲ್ಲುತ್ತಿದ್ದ ಪಿಕಪ್‌ಗಳು ಪೇಟೆಯ ಆಚೆ ಬದಿಯ ಅಂಗಡಿಗೆ ಹೋಗಿ ನಿಂತವು. ಹತ್ತಿಪ್ಪತ್ತು ಚೀಲ ಹೇಳಿಟ್ಟಿದ್ದವರು ಫೋನ್ ತೆಗೆಯಲಿಲ್ಲ. ಹಮೀದಾಕ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಕುರ್ಚಿಯಲ್ಲಿ ಕೂರುತ್ತಿದ್ದರು, ಸಂಜೆ ಏಳಕ್ಕೆ ಮುಚ್ಚುತ್ತಿದ್ದರು. ಪತ್ತಿರಿ ಮಾತ್ರ ತಪ್ಪಲಿಲ್ಲ. ಆದರೆ ಜೊಹರಕ್ಕ ಬಾಗಿಲು ಬಡಿಯುವುದನ್ನು ನಿಲ್ಲಿಸಿದರು. ತಟ್ಟೆ ಮೇಲಿನ ಮೆಟ್ಟಿಲಲ್ಲಿ ಮುಚ್ಚಿಟ್ಟಿರುತ್ತಿತ್ತು. ನಾನು ಅದನ್ನು ಒಳಗೆ ತಂದು, ನಾನು ಕಲಬೆರಕೆ ಎಂಬ ಶಬ್ದವನ್ನು ಹೇಳಿಯೇ ಇಲ್ಲವಲ್ಲ ಎಂದು ನನಗೇ ಸಮಾಧಾನ ಹೇಳಿಕೊಂಡು ತಿನ್ನುತ್ತಿದ್ದೆ.

ನಾಲ್ಕನೆಯ ದಿನ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಬಾಬಣ್ಣ ಸಿಕ್ಕಿದ. ಐವರ್ನಾಡು ಕಡೆಯ ತೋಟಗಳಿಗೆಲ್ಲ ಮದ್ದು ಬಿಡುವವನು. ಅವನ ಅಂಗಿ, ಉಗುರು, ಚಪ್ಪಲಿಯ ಬಾರು ಎಲ್ಲ ಹಸಿರುನೀಲಿ. ಗೌಡರ ಡ್ರಮ್ಮಿಗೆ ಆ ಒಂದು ಕಿಲೋ ಕಲಸಿದ್ದವನೂ ಅವನೇ.

"ಮೇಡಂ, ಒಂದು ಕೇಳ್ಲಿಕ್ಕೆ ಉಂಟು, ಬೇಜಾರು ಮಾಡ್ಬೇಡಿ" ಎಂದು ಎದುರು ಕೂತ. "ಆ ತುತ್ತು ಕಲಸಿ ನಾನು ಕತ್ತಿ ಅದ್ದಿ ನೋಡಿದೆ. ಕತ್ತಿ ಕೆಂಪಾಯ್ತು. ಇನ್ನು ಸ್ವಲ್ಪ ಸುಣ್ಣ ಹಾಕಿದೆ, ಪುನಃ ಕೆಂಪು. ಸುಣ್ಣ ಬೆರೆಸಿದ ತುತ್ತಾದ್ರೆ ಕತ್ತಿ ಕೆಂಪಾಗುದು ಹೇಗೆ?"

ನಾನು ಚಹಾದ ಲೋಟ ಕೆಳಗಿಟ್ಟೆ. ಕತ್ತಿ ಅದ್ದುವುದು ನಮ್ಮಲ್ಲಿ ಮದ್ದು ಕಲಸುವ ಎಲ್ಲರೂ ಮಾಡುವ ಪರೀಕ್ಷೆ. ಸುಣ್ಣ ಸಾಲದೆ ಮೈಲುತುತ್ತು ಮಿಕ್ಕಿದ್ದರೆ ಕಬ್ಬಿಣದ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. ಅಂದರೆ ಆ ಹುಡಿಯಲ್ಲಿ ತಾಮ್ರ ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು.

"ಗೌಡರಿಗೆ ಹೇಳಿಲ್ವಾ ನೀವು?"

"ಹೇಳಿದೆ. ಮೇಡಂಗಿಂತ ನಿನಗೆ ಗೊತ್ತುಂಟಾ ಅಂತ ಕೇಳಿದ್ರು."

"ಚೀಲ ಎಲ್ಲಿಟ್ಟಿದ್ರು ಇಷ್ಟು ದಿನ?"

"ಹೊಗೆಮನೆಯ ಅಟ್ಟದಲ್ಲಿ, ಒಲೆಯ ಬದಿಗೆ. ಅಲ್ಲಿ ಒಂಚೂರು ಥಂಡಿ ತಾಗುದಿಲ್ಲ ನೋಡಿ."

ಅಲ್ಲಿಂದ ಕಾಲೇಜಿಗೆ ಹೋಗಿ ಲ್ಯಾಬಿನ ಥರ್ಮಾಮೀಟರು ತೆಗೆದುಕೊಂಡು ಬಾಬಣ್ಣನ ಬೈಕಿನ ಹಿಂದೆ ಕೂತೆ. ಗೌಡರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಸೀತಕ್ಕ ಹೊಗೆಮನೆಯ ಅಟ್ಟ ತೋರಿಸಿದರು. ಹಲಗೆಯ ಮೇಲೆ ಹಲಸಿನ ಹಪ್ಪಳದ ಡಬ್ಬ, ಹುಣಸೆಹುಳಿ, ಬೀಜಕ್ಕಿಟ್ಟ ಮುಳ್ಳುಸೌತೆಯ ಬೀಜ, ಒಂದು ಭರಣಿ ಉಪ್ಪು, ಮತ್ತು ಅವುಗಳ ನಡುವೆ ಚೀಲ ಕೂತಿದ್ದ ಚೌಕದ ಗುರುತು. ಹಲಗೆಯ ಕೆಳಗೇ ಒಲೆಯ ಹೊಗೆ ಹೋಗುವ ತಗಡಿನ ಕೊಳವೆ. "ಇಲ್ಲಿಟ್ರೆ ಎಂತದ್ದೂ ಹಾಳಾಗುದಿಲ್ಲ ಮೇಡಂ. ಅವರಿಗೆ ನಾನೇ ಹೇಳಿದ್ದು, ತುತ್ತನ್ನೂ ಇಲ್ಲೇ ಇಡುವಾಂತ" ಎಂದರು ಸೀತಕ್ಕ. ಗುರುತಿನ ಮೇಲೆ ಥರ್ಮಾಮೀಟರು ಇಟ್ಟೆ. ಪಾದರಸ ಅರವತ್ತು ದಾಟಿ ಮೇಲೆ ಹೋಯಿತು. ಐದು ತಿಂಗಳು, ಬೆಂಕಿ ಆರದ ಐದು ತಿಂಗಳು ಆ ಚೀಲ ಅಲ್ಲಿ ಕೂತಿತ್ತು.

ವರ್ಷದಲ್ಲಿ ಅರ್ಧದಷ್ಟು ಕಾಲ ಗೋಡೆಯೂ ಬೆವರುವ ಊರು ನಮ್ಮದು. ಇಲ್ಲಿ ಹಾಳಾಗುವುದು ಎಂದರೆ ಥಂಡಿ ಹಿಡಿಯುವುದು, ಕಾಪಾಡುವುದು ಎಂದರೆ ಒಣಗಿಸಿಡುವುದು. ಒಣಗಿಯೂ ಒಂದು ವಸ್ತು ಕೆಡಬಹುದೆಂದು ಯಾರಿಗೆ ಹೊಳೆಯಬೇಕು? ಹೊಳೆಯಬೇಕಾಗಿದ್ದದ್ದು ನನಗೆ.

ಮುಟ್ಟಿದರೆ ಗಟ್ಟಿ, ಒಣ ಎಂದು ಕಾಣುವ ಮೈಲುತುತ್ತಿನ ಹರಳಿನ ಒಳಗೆ ನೀರಿದೆ. ತಾಮ್ರದ ಒಂದೊಂದು ಕಣಕ್ಕೆ ಐದೈದು ನೀರು. ನಾಲ್ಕು ನೀರು ತಾಮ್ರದ ಸುತ್ತ ಕೂತಿರುತ್ತವೆ, ಆ ನೀಲಿ ಬರುವುದೇ ಅವುಗಳಿಂದ. ಐದನೆಯದು ತಾಮ್ರವನ್ನು ಮುಟ್ಟಿಯೇ ಇಲ್ಲ, ಪಕ್ಕದ ಕಣಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಕಾಯಿಸಿದರೆ ಮೊದಲು ಎರಡು ನೀರು ಹೋಗುತ್ತವೆ. ಹರಳು ಮುಂಚಿನ ಕಟ್ಟಡದಲ್ಲಿ ನಿಲ್ಲಲಾರದೆ ಕುಸಿದು ಬೇರೆಯದೇ ಜೋಡಣೆಗೆ ಬರುತ್ತದೆ, ಬಣ್ಣ ತಿಳಿಯಾಗುತ್ತದೆ. ಇನ್ನೂ ಕಾಯಿಸಿದರೆ ಮತ್ತೆರಡು ಹೋಗುತ್ತವೆ, ಮತ್ತೊಂದು ಜೋಡಣೆ, ಇನ್ನಷ್ಟು ಬಿಳಿ. ಐದನೆಯದು ಮಾತ್ರ ಇನ್ನೂರು ಡಿಗ್ರಿ ದಾಟಿದ ಮೇಲೂ ಸುಲಭಕ್ಕೆ ಬಿಡುವುದಿಲ್ಲ. ನೀರು ಹೋದಷ್ಟು ತೂಕ ಇಳಿಯುತ್ತದೆ, ತಾಮ್ರ ಇದ್ದಷ್ಟೇ ಇರುತ್ತದೆ. ಆರೂವರೆ ಕಿಲೋವನ್ನು ಯಾರೂ ಕದ್ದಿರಲಿಲ್ಲ. ಅದು ಹಬೆಯಾಗಿ ಗೌಡರದೇ ಹೊಗೆಮನೆಯ ಹಂಚಿನ ಸಂದಿನಿಂದ ಹೊರಗೆ ಹೋಗಿತ್ತು. ಇದನ್ನೆಲ್ಲ ನಾನು ಚಿತ್ರ ಸಮೇತ ಬರೆದು, ರಟ್ಟು ಹಾಕಿಸಿ, ಪದವಿ ತೆಗೆದುಕೊಂಡಿದ್ದೆ.

ಸುಳ್ಯಕ್ಕೆ ಬಂದು ಇದನ್ನೆಲ್ಲ, ಐದನೆಯ ನೀರಿನವರೆಗೂ, ಹಮೀದಾಕನಿಗೆ ಹೇಳಿದೆ. ಎಲ್ಲರನ್ನೂ ಕರೆದು ಇಲ್ಲೇ ಮಾಡಿ ತೋರಿಸುತ್ತೇನೆ ಎಂದೆ.

"ಬೇಡ ಮೇಡಂ" ಎಂದರು. "ಇನ್ನೊಮ್ಮೆ ಜನ ಸೇರಿಸುದು ಬೇಡ. ಈ ಮಳೆಗಾಲ ಹೇಗೂ ಹೋಗ್ತದೆ."

ಒಳಗಿನಿಂದ ಜೊಹರಕ್ಕನ ಸ್ವರ ಬಂತು. "ಹೇಳುವಾಗ ಜನರ ಎದುರಲ್ಲಿ ಹೇಳಿದ್ದಲ್ವಾ? ತೋರಿಸುದೂ ಜನರ ಎದುರಲ್ಲೇ ಆಗ್ಲಿ."

ಆ ಮಾತು ನನ್ನನ್ನು ಚುಚ್ಚಲೆಂದೇ ಬಂದದ್ದು, ಚುಚ್ಚಿತು ಕೂಡ. ಮರುದಿನ ಬೆಳಿಗ್ಗೆ ಬಾಬಣ್ಣ ಗೌಡರನ್ನು ಹೇಗೋ ಹೊರಡಿಸಿಕೊಂಡು ಬಂದ. ಅವರನ್ನು ಕಂಡು ಎದುರಿನ ಹೋಟೆಲಿನವರು, ರಿಕ್ಷಾದವರು, ಮತ್ತೆ ನಾಲ್ಕಾರು ಕೃಷಿಕರು ಸೇರಿದರು. ಅಂಗಡಿಯ ಜಗಲಿಯಲ್ಲಿ ಗ್ಯಾಸ್ ಒಲೆ, ಜೊಹರಕ್ಕನ ಬಿರುಕುಬಿಟ್ಟ ಮಣ್ಣಿನ ಕಾವಲಿ, ಚಿಲ್ಲರೆ ತೂಗುವ ತಕ್ಕಡಿ. ಅಂಗಡಿಯ ಹೊಸ ಚೀಲದಿಂದ ಗೌಡರ ಕೈಯಲ್ಲೇ ನೂರು ಗ್ರಾಂ ನೀಲಿ ಹರಳು ತೆಗೆಸಿ ಜಜ್ಜಿ ಕಾವಲಿಗೆ ಹಾಕಿದೆ. ಮೇಲೆ ಹಿಡಿದ ತಣ್ಣನೆಯ ತಟ್ಟೆಯ ಅಡಿಯಲ್ಲಿ ಹನಿ ಕಟ್ಟಿದವು. ಅರ್ಧ ಗಂಟೆಯಲ್ಲಿ ನೀಲಿ ಪೂರ್ತಿ ಹೋಯಿತು. ತಣಿಸಿ ತೂಗಿದಾಗ ಎಪ್ಪತ್ತೊಂದು ಗ್ರಾಂ.

ಆಮೇಲೆ ಗೌಡರ ಚೀಲದ ತಳದಿಂದ ಅತಿ ಬಿಳಿಯಾದ ಹುಡಿಯನ್ನು ಗಾಜಿನ ಲೋಟಕ್ಕೆ ಹಾಕಿ ಲೋಟವನ್ನು ಗೌಡರ ಕೈಗೇ ಕೊಟ್ಟೆ. ಮೇಲಿನಿಂದ ಸ್ವಲ್ಪ ಸ್ವಲ್ಪವೇ ನೀರು ಹನಿಸಿದೆ. ಬಿದ್ದಲ್ಲೆಲ್ಲ ನೀಲಿ ಎದ್ದಿತು. ಅವರು ಲೋಟವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಬಿಸಿಯಾಗ್ತದೆ" ಎಂದರು ತಮ್ಮಷ್ಟಕ್ಕೆ.

"ಹೋದ ನೀರು ತಿರುಗಿ ಬಂದದ್ದಕ್ಕೆ ಬಿಸಿ ಗೌಡ್ರೆ. ಸುಣ್ಣ ಇರ್ತಿದ್ರೆ ಬಾಬಣ್ಣನ ಕತ್ತಿ ಕೆಂಪಾಗ್ತಿರಲಿಲ್ಲ. ಹಮೀದಾಕ ಕೊಟ್ಟ ತುತ್ತು ಒಳ್ಳೆದೇ. ಸಭೆಯಲ್ಲಿ ನಾನು ಹೇಳಿದ್ದು ತಪ್ಪು, ಅವತ್ತು ಇಲ್ಲಿ ಹೇಳಿದ್ದೂ ತಪ್ಪು. ನನಗೆ ಗೊತ್ತಿರ್ಬೇಕಿತ್ತು."

ಗೌಡರು ಲೋಟವನ್ನು ಜಗಲಿಯಲ್ಲಿ ಇಟ್ಟರು. ಆಮೇಲೆ ಅಂಗಡಿಯ ಒಳಗೆ ಹೋಗಿ, "ಹಮೀದಾಕ, ಎರಡು ಚೀಲ ತುತ್ತು, ಎರಡು ಚೀಲ ಸುಣ್ಣ ಹಾಕಿ. ಆ ಹಳೇ ಚೀಲ ನನ್ನದೇ, ಪಿಕಪ್ಪಿಗೆ ಇಡಿ" ಎಂದರು. ತಪ್ಪಾಯಿತು ಎನ್ನಲು ಅವರಿಗೆ ಗೊತ್ತಿದ್ದದ್ದು ಅಷ್ಟೇ. ಬಾಬಣ್ಣನಿಗೆ ನಾನು ಹಳೆಯ ಚೀಲದಿಂದ ಡ್ರಮ್ಮಿಗೆ ಕಿಲೋದ ಬದಲು ಎಂಟುನೂರೈವತ್ತು ಗ್ರಾಂ ಹಾಕಲು ಹೇಳಿದೆ. "ಕತ್ತಿ ಅದ್ದಿಯೇ ಹಾಕ್ತೇನೆ ಮೇಡಂ" ಎಂದ ಅವನು.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದು ನಾನು ಎಣಿಸಿದೆ. ವ್ಯಾಪಾರ ತಿರುಗಿ ಬಂತು, ಮುಕ್ಕಾಲು ಪಾಲಾದರೂ ಬಂತು. ಜೊಹರಕ್ಕ ಮತ್ತೆ ಬಾಗಿಲು ಬಡಿದರು. ಆದರೆ ಅದೇ ಮಧ್ಯಾಹ್ನ ಪಂಜದಿಂದ ಒಬ್ಬರು ಬಂದು ಒಂದು ಚೀಲ ಕೇಳಿದಾಗ ಹಮೀದಾಕ ಚೀಲವನ್ನು ಎತ್ತಿಕೊಡಲಿಲ್ಲ. ಜಗಲಿಗೆ ತಂದು, ಹೊಲಿಗೆ ಬಿಚ್ಚಿ, ಒಳಗಿನ ನೀಲಿ ತೋರಿಸಿ, ತೂಕಕ್ಕಿಟ್ಟು ಮುಳ್ಳು ತೋರಿಸಿ, ಪುನಃ ಹೊಲಿದುಕೊಟ್ಟರು. "ಎಂತಕ್ಕೆ ಹಮೀದಾಕ ಇದೆಲ್ಲ?" ಎಂದು ಬಂದವರು ಕೇಳಿದರು. "ನೋಡಿಕೊಂಡೇ ತಕೊಂಡು ಹೋಗಿ" ಎಂದರು ಹಮೀದಾಕ. ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಅಷ್ಟು ವರ್ಷ ಅವರ ಅಂಗಡಿಯಲ್ಲಿ ಯಾರೂ ಚೀಲ ಬಿಚ್ಚಿಸಿದ್ದಿರಲಿಲ್ಲ.

ಆ ಗಾಜಿನ ಲೋಟವನ್ನು ನಾನು ಕೋಣೆಯ ಕಿಟಕಿಯಲ್ಲಿ ಇಟ್ಟಿದ್ದೆ. ಜೂನ್ ಎರಡನೇ ವಾರ ಮಳೆ ಹಿಡಿಯುವ ಹೊತ್ತಿಗೆ ನೀರು ಆರಿ ತಳದಲ್ಲಿ ನೀಲಿ ಹಕ್ಕಳೆ ಉಳಿದಿತ್ತು. ಐದು ನೀರೂ ತಿರುಗಿ ಬಂದಿದ್ದವು. ಬಣ್ಣವೂ ಸರಿ, ತೂಕವೂ ಸರಿ. ಮೊದಲಿದ್ದ ದೊಡ್ಡ ಹರಳು ಮಾತ್ರ ಬಂದಿರಲಿಲ್ಲ, ಸಾವಿರ ಸಣ್ಣ ಸಣ್ಣವು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ವರ್ಷದ ಕೊನೆಗೆ ನನ್ನ ಕೆಲಸ ಮುಗಿಯಿತು, ಕೋಣೆ ಬಿಟ್ಟೆ.

ಈಗ ನಾನು ಕಡಬದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊನ್ನೆ ಸುಳ್ಯಕ್ಕೆ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿಗೆ ಹೋದವಳು ಸಂಜೆ ಹಮೀದಾಕನ ಅಂಗಡಿಗೆ ಹೋದೆ, ಮಕ್ಕಳ ಕೈಯಲ್ಲಿ ಹರಳು ಬೆಳೆಸಲು ಅರ್ಧ ಕಿಲೋ ಮೈಲುತುತ್ತು ಬೇಕಿತ್ತು. ಅವರ ಗಡ್ಡ ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು ಕುರ್ಚಿ ಎಳೆದು ಕೊಟ್ಟರು, ಚಹಾ ತರಿಸಿದರು. ಮಳೆ, ಅಡಿಕೆ, ಜೊಹರಕ್ಕನ ಮಂಡಿನೋವು ಎಲ್ಲ ಮಾತಾಡಿದೆವು. ಬಸ್ಸಿನಲ್ಲಿ ಬಂದ ಆ ವಾಸನೆ ಇನ್ನೂ ಮೂಗಿನಲ್ಲಿತ್ತೋ ಏನೋ, ನಾನು ಕೇಳಿಯೇಬಿಟ್ಟೆ.

"ಹಮೀದಾಕ, ನನ್ನ ಮೇಲೆ ಸಿಟ್ಟು ಉಂಟಾ ಈಗಲೂ?"

ಅವರು ನಕ್ಕರು. "ನಾಲ್ಕು ನೀರು ಆ ವರ್ಷವೇ ಹೋಯ್ತು ಮೇಡಂ. ಐದನೆಯದು ಸುಲಭಕ್ಕೆ ಹೋಗುದಿಲ್ಲಾಂತ ನೀವೇ ಹೇಳಿದ್ದಲ್ವಾ?"

ನಾನೂ ನಕ್ಕೆ. ಅಷ್ಟರಲ್ಲಿ ಅವರು ಎದ್ದು ಹೋಗಿ ಒಂದು ಚೀಲವನ್ನು ಜಗಲಿಗೆ ಎಳೆದು ತಂದು ಹೊಲಿಗೆ ಬಿಚ್ಚತೊಡಗಿದರು.

"ನನಗೆ ಬೇಡ ಹಮೀದಾಕ. ನಾನು ನೋಡುದು ಬೇಡ."

"ನೋಡಿ" ಎಂದರು ಅವರು, ಚೀಲದ ಬಾಯಿ ಅಗಲಿಸಿ ನನ್ನ ಕಡೆಗೆ ತಿರುಗಿಸುತ್ತ. "ನೀವು ನೋಡ್ಲೇಬೇಕು."

ನಾನು ಬಗ್ಗಿ ನೋಡಿದೆ. ಕಡು ನೀಲಿಯಾಗಿತ್ತು. ಅವರು ಅರ್ಧ ಕಿಲೋ ತೂಗಿ, ಮುಳ್ಳು ನಿಲ್ಲುವ ತನಕ ಕಾದು, ನಾನು ನೋಡಿದೆನೆಂದು ಖಾತ್ರಿಯಾದ ಮೇಲೆ ಕಟ್ಟಿ ಕೊಟ್ಟರು.